ಹೊಸ ಮಾಡೆಲ್‌ಗಳಿಗೆ ‘ಬೋಲ್ಡ್’ ಶೂಟ್ ಅನಿವಾರ್ಯವೇ?

ಪ್ರಶ್ನೆ (ಹೊಸ ಮಾಡೆಲ್, ಬೆಂಗಳೂರು):
ಪದವಿ ಮುಗಿಸಿದ ಮೇಲೆ ಸೀರೆ, ಒಡವೆಗಳ ಕ್ಯಾಟಲಾಗ್‌ಗಳಿಗೆ ಮಾಡೆಲ್ ಆಗಿ ಕೆಲಸ ಮಾಡುತ್ತಿದ್ದೇನೆ. ದೊಡ್ಡ ಬ್ರ್ಯಾಂಡ್‌ಗಳ ಕೆಲಸ ಸಿಗಬೇಕಾದರೆ ಪೋರ್ಟ್‌ಫೋಲಿಯೋದಲ್ಲಿ ಕೆಲವಾದರೂ ನಗ್ನ ಅಥವಾ ಅರೆನಗ್ನ ಚಿತ್ರಗಳಿರಬೇಕು, ಮುಂಬೈಯಲ್ಲಿ ಎಲ್ಲರೂ ಹೀಗೆಯೇ ಶುರು ಮಾಡಿದ್ದು ಎಂದು ಮಾಡೆಲ್‌ಗಳಿಗೆ ಕೆಲಸ ಕೊಡಿಸುವ ಕೋ-ಆರ್ಡಿನೇಟರ್ ಒಬ್ಬರು ಹೇಳಿದರು. ಒತ್ತಾಯವೇನೂ ಇಲ್ಲ ಎಂದೂ ಸೇರಿಸಿದರು. ಆದರೆ ಯೋಚಿಸಿ ಹೇಳುತ್ತೇನೆ ಎಂದಾಗಿನಿಂದ ಅವರ ಕರೆಗಳೇ ನಿಂತುಹೋಗಿವೆ. ಇದು ನಿಜವಾಗಿಯೂ ಈ ವೃತ್ತಿಯ ನಿಯಮವೇ?

ಉತ್ತರ (ಹಿಂದೆ ಮಾಡೆಲ್, ಈಗ ಕಾಸ್ಟಿಂಗ್, ಅಂದರೆ ಮಾಡೆಲ್‌ಗಳನ್ನು ಆರಿಸುವ ಕೆಲಸ):
ಖಂಡಿತ ಅಲ್ಲ. ಏಜೆನ್ಸಿಗಳು ಹೊಸಬರಿಂದ ಮೊದಲು ಕೇಳುವುದು ‘ಡಿಜಿಟಲ್ಸ್’: ಖಾಲಿ ಗೋಡೆಯ ಮುಂದೆ, ಕಿಟಕಿಯ ಬೆಳಕಿನಲ್ಲಿ, ಮೇಕಪ್ ಇಲ್ಲದೆ, ಮೈಗೆ ಹೊಂದುವ ಟೀ ಶರ್ಟ್ ಮತ್ತು ಜೀನ್ಸ್‌ನಲ್ಲಿ ತೆಗೆದ ನಾಲ್ಕಾರು ಚಿತ್ರಗಳು, ಜೊತೆಗೆ ಎತ್ತರ ಮತ್ತು ಅಳತೆ. ಒಳಉಡುಪು ಅಥವಾ ಈಜುಡುಗೆಯ ಕೆಲಸವಾದರೆ ಅದನ್ನು ಮುಂಚೆಯೇ ತಿಳಿಸಿ, ಸಂಭಾವನೆಯನ್ನೂ ಬೇರೆಯಾಗಿ ಮಾತಾಡುತ್ತಾರೆ.

ಆದರೆ ಒತ್ತಡ ಇಲ್ಲವೆಂದು ನಾನು ಹೇಳಲಾರೆ. ಅದು ಆಜ್ಞೆಯ ರೂಪದಲ್ಲಿ ಬರುವುದು ಅಪರೂಪ. ಒಮ್ಮೆ ಊಟದ ನಂತರ, ಬೆಳಕು ಹೊಂದಿಸಿ ಎಲ್ಲರೂ ಕಾಯುತ್ತಿರುವಾಗ, “ಬ್ಲೌಸ್ ಇಲ್ಲದೆ ಒಂದೇ ಒಂದು ಫ್ರೇಮ್ ನೋಡೋಣ, ಸೆರಗು ಹೇಗೂ ಮುಚ್ಚುತ್ತದೆ” ಎಂದರು. ಶೂಟ್ ಹೇಗಿರಬೇಕೆಂದು ಬೆಳಿಗ್ಗೆ ತೋರಿಸಿದ್ದ ಮಾದರಿ ಚಿತ್ರಗಳ ಮೂಡ್ ಬೋರ್ಡ್‌ನಲ್ಲಿ ಅಂಥ ಚಿತ್ರವೇ ಇರಲಿಲ್ಲ. ನಾನು ಒಪ್ಪಲಿಲ್ಲ, ಶೂಟ್ ಮುಂದುವರಿಯಿತು. ಆದರೆ ಆ ಹೊತ್ತಿನಲ್ಲಿ, ದಿನದ ಹಣ ಇನ್ನೂ ಕೈಗೆ ಬಂದಿರದ ಹೊಸಬಳೊಬ್ಬಳಿಗೆ ಬೇಡವೆನ್ನುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನಿಮ್ಮ ಕರೆಗಳು ನಿಂತಿರುವುದೂ ಒತ್ತಾಯವೇ.

ಉತ್ತರ (ವಕೀಲೆ):
2017ರಲ್ಲಿ ಎಲ್‌ವಿಎಂಎಚ್ ಮತ್ತು ಕೆರಿಂಗ್ ಎಂಬ ಫ್ರಾನ್ಸಿನ ಎರಡು ದೊಡ್ಡ ಫ್ಯಾಷನ್ ಸಮೂಹಗಳು ಮಾಡೆಲ್‌ಗಳ ಹಿತಕ್ಕಾಗಿ ಸಂಹಿತೆಯೊಂದನ್ನು ಪ್ರಕಟಿಸಿ, ನಗ್ನ ಅಥವಾ ಅರೆನಗ್ನ ಚಿತ್ರೀಕರಣಕ್ಕೆ ಪೂರ್ವಾನುಮತಿ ಬೇಕೆಂದವು. ವೋಗ್ ನಿಯತಕಾಲಿಕದ ಪ್ರಕಾಶಕರಾದ ಕಾಂಡೆ ನಾಸ್ಟ್ 2018ರಲ್ಲಿ ಇಂಥದೇ ನಿಯಮ ತಂದರು. ಸೆಟ್‌ನಲ್ಲಿ ದಿಢೀರನೆ ಕೇಳುವ ಪರಿಪಾಠ ತಪ್ಪೆಂದು ಆ ಉದ್ಯಮವೇ ಒಪ್ಪಿಕೊಂಡ ಮೇಲೆ, ಅದನ್ನು ವೃತ್ತಿಯ ನಿಯಮವೆಂದು ಬೆಂಗಳೂರಿನ ಕೋ-ಆರ್ಡಿನೇಟರ್ ಹೇಳಿದರೆ ನೀವು ನಂಬಬೇಕಾಗಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ, ಮಹಿಳೆ ಅಂಥ ಖಾಸಗಿ ಚಿತ್ರ ತೆಗೆಯಲು ಒಪ್ಪಿದ್ದರೂ ಅದನ್ನು ಮೂರನೆಯವರಿಗೆ ಕೊಡಲು ಒಪ್ಪಿರದಿದ್ದರೆ, ಹಂಚುವುದು ಅಪರಾಧ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸ್ಟುಡಿಯೋದ ವಿರುದ್ಧವೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಹದಿನೆಂಟು ತುಂಬದವರ ವಿಷಯದಲ್ಲಿ ಒಪ್ಪಿಗೆಯ ಮಾತೇ ಏಳುವುದಿಲ್ಲ, ಅಲ್ಲಿ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ.

ಉತ್ತರ (ಛಾಯಾಗ್ರಾಹಕ):
ಕಲಾತ್ಮಕ ನಗ್ನ ಛಾಯಾಚಿತ್ರಗಳಿಗೆ ಸ್ವಂತ ಇಷ್ಟದಿಂದ ನಿಲ್ಲುವವರಿದ್ದಾರೆ, ಅವರ ಆಯ್ಕೆಯನ್ನು ನಾನು ಗೌರವಿಸುತ್ತೇನೆ. ಅಂಥ ಶೂಟ್‌ಗಳಲ್ಲಿ ಚಿತ್ರಗಳು ಎಲ್ಲಿ, ಎಷ್ಟು ಕಾಲ ಬಳಕೆಯಾಗುತ್ತವೆ, ಮೂಲ ಫೈಲ್‌ಗಳು ಯಾರ ಬಳಿ ಇರುತ್ತವೆ ಎಂಬುದೆಲ್ಲ ಮೊದಲೇ ಬರವಣಿಗೆಯಲ್ಲಿರಬೇಕು. ಹಣವೂ ಇಲ್ಲದ, ಕ್ಲೈಂಟ್ ಹೆಸರೂ ಇಲ್ಲದ ಟೆಸ್ಟ್ ಶೂಟ್‌ಗೆ ಹೀಗೆ ಕೇಳುವವರನ್ನು, ಅದರಲ್ಲೂ ಜೊತೆಗೆ ಗೆಳತಿಯನ್ನು ಕರೆತರಬೇಡಿ ಎನ್ನುವವರನ್ನು, ದಯವಿಟ್ಟು ನಂಬಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಬ್ರ್ಯಾಂಡ್ ಯಾವುದು, ಆ ಚಿತ್ರಗಳು ಯಾಕೆ ಬೇಕು ಎಂದು ಇಮೇಲ್‌ನಲ್ಲಿ ಕೇಳಿದ್ದಕ್ಕೆ, ಫೋನಿನಲ್ಲೇ ಮಾತಾಡೋಣ ಎಂದು ಕೋ-ಆರ್ಡಿನೇಟರ್ ಉತ್ತರಿಸಿದ್ದಾರೆ. ನಾನು ಮಾತಾಡುವುದಿಲ್ಲ. ಡಿಜಿಟಲ್ಸ್ ತೆಗೆಸಿ, ನೇರವಾಗಿ ಏಜೆನ್ಸಿಗಳಿಗೇ ಕಳುಹಿಸುತ್ತೇನೆ.