ಲೈನ್ ಮನೆಯಲ್ಲಿ ಒಬ್ಬರಿಗೆ ಕುಷ್ಠರೋಗ: ಬೇರೆ ಕೋಣೆ ಕೊಡುವುದು ಸರಿಯೇ?

ಪ್ರಶ್ನೆ: ಬೆಳೆಗಾರ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಕಾರ್ಮಿಕರು ವಾಸಿಸುವ ನಮ್ಮ ಲೈನ್ ಮನೆಯಲ್ಲಿ (ಸಾಲು ಮನೆ) ಬಹಳ ವರ್ಷಗಳಿಂದ ಇರುವ ಮಹಿಳೆಯೊಬ್ಬರಿಗೆ ಕುಷ್ಠರೋಗವಿದೆಯೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಗೊತ್ತಾಗಿ, ಮಳೆಗಾಲದಿಂದ ಅವರು ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಾತ್ರೆ ಶುರುವಾದ ಮೇಲೆ ಅವರ ಮುಖ ಮತ್ತು ಕೈಗಳು ಕಪ್ಪಾಗಿರುವುದರಿಂದ, ರೋಗ ಏರುತ್ತಿದೆ ಎಂದೇ ಉಳಿದ ಕಾರ್ಮಿಕರು ನಂಬಿದ್ದಾರೆ. ಕೊಯ್ಲಿನಲ್ಲಿ ಅವರ ಪಕ್ಕದ ಸಾಲು ಹಿಡಿಯಲು ಯಾರೂ ಒಪ್ಪುತ್ತಿಲ್ಲ. ಹತ್ತು ಗಂಟೆಯ ಚಹಾ ಬಂದಾಗ ಎಲ್ಲರಿಗೂ ಸ್ಟೀಲ್ ಲೋಟ ಸಿಕ್ಕರೆ ಅವರಿಗೆ ಮಾತ್ರ ಕಾಗದದ ಕಪ್ ಸಿಗುತ್ತಿದೆ. ಅವರ ಮಗಳನ್ನು ನೋಡಿಹೋಗಿದ್ದ ಗಂಡಿನ ಕಡೆಯವರು ವಿಷಯ ತಿಳಿದ ಮೇಲೆ ತಿರುಗಿ ಬರಲಿಲ್ಲ.

ಪಂಪ್ ಹೌಸ್ ಹತ್ತಿರ ಒಂದು ಒಳ್ಳೆಯ ಕೋಣೆ ಖಾಲಿಯಿದೆ. ಚಿಕಿತ್ಸೆ ಮುಗಿಯುವವರೆಗೆ ಅವರನ್ನು ಅಲ್ಲಿರಿಸಿದರೆ ಅವರಿಗೂ ನೆಮ್ಮದಿ, ಉಳಿದವರ ತಕರಾರೂ ನಿಲ್ಲುತ್ತದೆ ಎಂದು ತೋಟದ ಹಾಜರಿ, ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರ್ ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಉಳಿದವರಿಗೆ ಏನು ಹೇಳಬೇಕೆಂದೂ ತಿಳಿಯುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ವಿರಾಜಪೇಟೆ

ದಯವಿಟ್ಟು ಆ ಕೋಣೆಗೆ ಕಳುಹಿಸಬೇಡಿ. ಮಾಲೀಕರೇ ಬೇರೆ ಇರಿಸಿದರೆಂದರೆ, ಅವರನ್ನು ದೂರವಿಡಬೇಕಾದದ್ದೇ ಸರಿ ಎಂದು ಇಡೀ ಊರು ತೀರ್ಮಾನಿಸುತ್ತದೆ. ಚಿಕಿತ್ಸೆ ಮುಗಿದ ಮೇಲೂ ಅವರು ಹಳೆಯ ಮನೆಗೆ ಹಿಂತಿರುಗುವುದು ಕಷ್ಟವಾಗುತ್ತದೆ.

ಮೊದಲು ಬಣ್ಣದ ವಿಚಾರ ಹೇಳುತ್ತೇನೆ. ಅವರಿಗೆ ಕೊಡುವ ಮಾತ್ರೆಗಳಲ್ಲಿ ರಿಫಾಂಪಿಸಿನ್, ಡ್ಯಾಪ್ಸೋನ್ ಮತ್ತು ಕ್ಲೊಫಾಜಿಮಿನ್ ಎಂಬ ಮೂರು ಔಷಧಗಳಿರುತ್ತವೆ. ಇವುಗಳಲ್ಲಿ ಕ್ಲೊಫಾಜಿಮಿನ್ ಚರ್ಮವನ್ನು ಕಪ್ಪಾಗಿಸುತ್ತದೆ, ಚಿಕಿತ್ಸೆ ಮುಗಿದ ಮೇಲೆ ಅದು ನಿಧಾನವಾಗಿ ತಿಳಿಯಾಗುತ್ತದೆ. ಹೀಗಾಗಿ ನಿಮ್ಮವರ ಕಣ್ಣಿಗೆ ಬಿದ್ದಿರುವುದು ರೋಗದ ಏರಿಕೆಯಲ್ಲ, ಆಕೆ ಕ್ರಮವಾಗಿ ಮಾತ್ರೆ ನುಂಗುತ್ತಿದ್ದಾರೆ ಎಂಬುದರ ಗುರುತು. ಈ ಒಂದು ಮಾತನ್ನು ಯಾರೂ ಬಿಡಿಸಿ ಹೇಳದಿರುವುದರಿಂದಲೇ ಎಷ್ಟೋ ಮಂದಿ ನಾಚಿಕೆಪಟ್ಟು ಅರ್ಧದಲ್ಲೇ ಮಾತ್ರೆ ಬಿಟ್ಟಿದ್ದನ್ನು ನಾನು ಕಂಡಿದ್ದೇನೆ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈ ರೋಗ ಬರುವುದು ಒಂದು ಬ್ಯಾಕ್ಟೀರಿಯಾದಿಂದ. ನಾರ್ವೆಯ ವೈದ್ಯ ಹ್ಯಾನ್ಸನ್ ಅದನ್ನು 1873ರಲ್ಲೇ ಗುರುತಿಸಿದರು. ಚಿಕಿತ್ಸೆ ಪಡೆಯದ ರೋಗಿಯ ಜೊತೆ ದೀರ್ಘಕಾಲ ನಿಕಟವಾಗಿ ಬಾಳಿದಾಗ, ಮೂಗು ಮತ್ತು ಬಾಯಿಯಿಂದ ಹೊಮ್ಮುವ ಹನಿಗಳ ಮೂಲಕ ಅದು ಹರಡಬಹುದು, ಆದರೂ ಹೆಚ್ಚಿನ ಜನರ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಚಿಕಿತ್ಸೆ ಆರಂಭವಾದ ಮೇಲೆ ರೋಗಿಯಿಂದ ಹರಡುವ ಭಯವಿಲ್ಲ. ಒಂದೇ ಲೋಟದಲ್ಲಿ ಚಹಾ ಕುಡಿದರೆ, ಪಕ್ಕದ ಗಿಡದಲ್ಲಿ ಕಾಫಿ ಕೊಯ್ದರೆ, ಕೈ ಹಿಡಿದರೆ ಇದು ಅಂಟುವುದಿಲ್ಲ. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಪೂರ್ತಿ ಉಚಿತ.

ತೋಟದ ಕೆಲಸದಲ್ಲಿ ನೀವು ಗಮನಿಸಬೇಕಾದ ನಿಜವಾದ ಅಪಾಯ ಬೇರೆಯೇ ಇದೆ. ನರಗಳಿಗೆ ಪೆಟ್ಟಾಗಿದ್ದರೆ ಅವರ ಕೈಕಾಲುಗಳಿಗೆ ನೋವು ತಿಳಿಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಜಿಗಣೆ ಕಚ್ಚಿದರೂ, ಚಪ್ಪಲಿಯೊಳಗೆ ಮುಳ್ಳು ಮುರಿದು ಕೂತರೂ ಗೊತ್ತಾಗದೆ ಅವರು ಸಂಜೆಯವರೆಗೆ ನಡೆಯುತ್ತಾರೆ. ಆ ಗಾಯ ಕೀವಾಗಿ ಬೆರಳುಗಳನ್ನೇ ತಿನ್ನುತ್ತದೆ. ಆದ್ದರಿಂದ ಸರಿಯಾದ ಅಳತೆಯ, ಒಳಗೆ ಮೆತ್ತಗಿರುವ ಪಾದರಕ್ಷೆ ಕೊಡಿಸಿ. ಮನೆಗೆ ಹೋದ ಕೂಡಲೇ ಅಂಗಾಲು ಮತ್ತು ಬೆರಳ ಸಂದುಗಳನ್ನು ನೋಡಿಕೊಳ್ಳಲು ಹೇಳಿ. ಚರ್ಮದ ಮೇಲಿನ ರೋಗದ ಮಚ್ಚೆ ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಂಡರೆ, ನರದಲ್ಲಿ ನೋವು ಕಾಣಿಸಿದರೆ ಅಥವಾ ಕೈಯ ಹಿಡಿತ ಸಡಿಲಾದರೆ ಮಾತ್ರೆ ನಿಲ್ಲಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತಡವಾದರೆ ಆ ಊನ ಶಾಶ್ವತವಾಗಬಹುದು.

ಉತ್ತರ: ಗುಣಮುಖನಾದವನು, ಪೊನ್ನಂಪೇಟೆ ಕಡೆ

ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನನಗೆ ಈ ರೋಗ ಬಂದಿತ್ತು. ಇಂದು ರೋಗವಿಲ್ಲ, ಎಡಗೈಯ ಎರಡು ಬೆರಳುಗಳು ಮಾತ್ರ ಮಡಚಿಕೊಂಡಿವೆ. ಆ ದಿನಗಳಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಕೈ ಸುಟ್ಟಿದೆಯೆಂದು ತಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ನೆಂಟರ ಮನೆಯ ಊಟ. ಎಲ್ಲರಿಗೂ ಬಡಿಸಿ ಆದ ಮೇಲೆ ನನಗೆ ಜಗಲಿಯಲ್ಲಿ ಎಲೆ ಹಾಕುತ್ತಿದ್ದರು, ಆ ಎಲೆಯನ್ನು ನಾನೇ ಎತ್ತಬೇಕಿತ್ತು. ಯಾರೂ ಗದರಲಿಲ್ಲ, ಎಲ್ಲರೂ ಬಹಳ ಮೃದುವಾಗಿಯೇ ಮಾತನಾಡಿದರು. ನಿಮ್ಮ ರೈಟರ್ ಹೇಳಿದ ಕೋಣೆಯ ಮಾತನ್ನು ಓದಿದಾಗ ನನಗೆ ಆ ಜಗಲಿಯೇ ಕಾಣಿಸಿತು.

ಇನ್ನೊಂದು ವಿಷಯ. ಇದು ನಾಗದೋಷವೆಂದು ಯಾರಾದರೂ ಅವರ ತಲೆಯಲ್ಲಿ ತುಂಬಿರಬಹುದು. ಪೂಜೆ ಮಾಡಿಸಲು ಮನಸ್ಸಿದ್ದರೆ ಮಾಡಿಸಲಿ, ನಮ್ಮ ಮನೆಯಲ್ಲಿಯೂ ಮಾಡಿಸಿದ್ದರು; ಆದರೆ ಪೂಜೆಗೆ ಹೋದ ದಿನವೂ ಮಾತ್ರೆ ತಪ್ಪಬಾರದು, ಮತ್ತು ತಾನು ಯಾವುದೋ ಪಾಪ ಮಾಡಿದ್ದೇನೆಂಬ ಭಾರವನ್ನು ಅವರು ಹೊರಬಾರದು.

ಉತ್ತರ: ವಕೀಲರು, ಮಡಿಕೇರಿ

ಜನರನ್ನು ದೂರುವ ಮೊದಲು ನಮ್ಮ ಕಾನೂನೇ ಎಷ್ಟು ಕಾಲ ಈ ಕಳಂಕವನ್ನು ಕಾಪಾಡಿತೆಂದು ನೋಡಬೇಕು. ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿರಿಸಲು ಅವಕಾಶ ಕೊಟ್ಟಿದ್ದ 1898ರ ಬ್ರಿಟಿಷ್ ಕಾಯ್ದೆಯನ್ನು ಸಂಸತ್ತು ರದ್ದುಗೊಳಿಸಿದ್ದು 2016ರಲ್ಲಿ. ಕುಷ್ಠರೋಗವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದದ್ದು 2019ರಲ್ಲಿ, ಅಂದರೆ ಸಂಪೂರ್ಣ ಗುಣಪಡಿಸುವ ಚಿಕಿತ್ಸೆ ಬಂದು ಮೂರೂವರೆ ದಶಕ ಕಳೆದ ಮೇಲೆ. ಗುಣವಾದ ನಂತರವೂ ಊನ ಉಳಿದವರನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತನ್ನ ರಕ್ಷಣೆಗೆ ಸೇರಿಸಿಕೊಂಡಿದೆ. ಅಂಥವರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಪೊನ್ನಂಪೇಟೆಯವರು ವಿಕಲಚೇತನರ ಪ್ರಮಾಣಪತ್ರ ಮಾಡಿಸಿಕೊಂಡಿರದಿದ್ದರೆ ಈಗಲಾದರೂ ಅರ್ಜಿ ಹಾಕಲಿ. ಲೈನ್ ಮನೆಯಲ್ಲಿ ಮಾತ್ರ ಮೊದಲು ಮಾತಿನಿಂದ ಕೆಲಸವಾಗಲಿ, ಕಾಯ್ದೆ ಕೊನೆಗಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕೋಣೆಯ ವಿಚಾರವನ್ನು ಕೈಬಿಟ್ಟಿದ್ದೇನೆ. ಸಂಬಳದ ದಿನ ಎಲ್ಲರೂ ಕಣದಲ್ಲಿ ಸೇರುತ್ತಾರೆ. ಆಗ ಆಶಾ ಕಾರ್ಯಕರ್ತೆಯನ್ನು ಕರೆಸಿ ಮಾತನಾಡಿಸಬಹುದೇ? ಲೈನ್ ಮನೆಯ ಮಕ್ಕಳನ್ನೂ ತಪಾಸಣೆ ಮಾಡಿಸಬೇಕೇ?

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ವಿರಾಜಪೇಟೆ

ಖಂಡಿತ ಕರೆಸಿ. ಆದರೆ ಅದಕ್ಕೂ ಮೊದಲು ಆ ಮಹಿಳೆಯ ಬಳಿ ಕುಳಿತು ಒಪ್ಪಿಗೆ ಕೇಳಿ. ಊರಿಗೆಲ್ಲ ಗೊತ್ತಿದ್ದರೂ ತಮ್ಮ ಹೆಸರನ್ನು ಸಭೆಯಲ್ಲಿ ಎತ್ತಬೇಕೇ ಬೇಡವೇ ಎಂಬುದನ್ನು ಅವರೇ ಹೇಳಬೇಕು. ಅವರು ಬೇಡವೆಂದರೆ ಚರ್ಮದ ಸಾಮಾನ್ಯ ತಪಾಸಣೆಯೆಂದೇ ನಡೆಸಿ, ಮಕ್ಕಳು ಮತ್ತು ರೈಟರ್ ಸೇರಿದಂತೆ ಎಲ್ಲರನ್ನೂ ನೋಡಲಿ. ಬಣ್ಣ ಮಾಸಿದ ಅಥವಾ ಕೆಂಪಗಿರುವ, ಮುಟ್ಟಿದರೆ ತಿಳಿಯದ ಮಚ್ಚೆ ಯಾರಲ್ಲಾದರೂ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತಾರೆ. ಜೊತೆಯಲ್ಲಿ ವಾಸಿಸುವವರಿಗೆ ಮುನ್ನೆಚ್ಚರಿಕೆಯಾಗಿ ಒಂದೇ ಸಲ ರಿಫಾಂಪಿಸಿನ್ ಕೊಡುವ ಕ್ರಮವೂ ಇದೆ, ಯಾರಿಗೆ ಕೊಡಬಹುದೆಂದು ವೈದ್ಯರು ನಿರ್ಧರಿಸುತ್ತಾರೆ. ಅಂದಿನ ಚಹಾಕ್ಕೆ ಕಾಗದದ ಕಪ್ ತರಿಸಬೇಡಿ, ಎಲ್ಲರಿಗೂ ಸ್ಟೀಲ್ ಲೋಟದಲ್ಲೇ ಕೊಡಿ, ಮತ್ತು ನೀವು ಅವರ ಪಕ್ಕದಲ್ಲೇ ಕುಳಿತು ಕುಡಿಯಿರಿ.