ಬಳ್ಳಾರಿಯ ಜೀನ್ಸ್ ರಫ್ತು: ಯಾವ ದೇಶದಿಂದ ಆರಂಭಿಸಬೇಕು?

ಪ್ರಶ್ನೆ: ನಮಸ್ಕಾರ ಸರ್. ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಘಟಕವಿದೆ. ಕಟಿಂಗ್ ಮತ್ತು ಹೊಲಿಗೆ ನಮ್ಮಲ್ಲೇ ಆಗುತ್ತವೆ, ವಾಷಿಂಗ್ ಮಾತ್ರ ಹೊರಗೆ ಕೊಡುತ್ತೇವೆ. ಈವರೆಗೆ ಸಗಟು ವ್ಯಾಪಾರಿಗಳಿಗಷ್ಟೇ ಮಾರಿದ್ದೇವೆ. ಯೂರೋಪಿನಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ ಎನ್ನುತ್ತಾರೆ. ರಫ್ತನ್ನು ಅಲ್ಲಿಂದಲೇ ಆರಂಭಿಸಬಹುದೇ?

ಉತ್ತರ (ರಫ್ತು ಸಲಹೆಗಾರರು): ನಮಸ್ಕಾರ. ಮೊದಲಿಗೆ ಯೂರೋಪ್ ಬೇಡವೆಂಬುದು ನನ್ನ ಅಭಿಪ್ರಾಯ. ಬಾಂಗ್ಲಾದೇಶದ ಜೀನ್ಸ್ ಯೂರೋಪ್ ಒಕ್ಕೂಟದೊಳಗೆ ಸುಂಕವಿಲ್ಲದೆ ಹೋಗುತ್ತಿರುವಾಗ ಬೆಲೆಯಲ್ಲಿ ಅದರೊಡನೆ ಪೈಪೋಟಿಗಿಳಿಯುವುದು ಸಣ್ಣ ಘಟಕಕ್ಕೆ ಕಷ್ಟ. ಅದರ ಬದಲು ನಮ್ಮ ಮಾಲಿಗೆ ಸುಂಕವಿಲ್ಲದ ಕಡೆಯಿಂದ ಆರಂಭಿಸಿ: ಸಂಯುಕ್ತ ಅರಬ್ ಸಂಸ್ಥಾನದ (ಯುಎಇ) ಜೊತೆಗಿನ ವ್ಯಾಪಾರ ಒಪ್ಪಂದ 2022ರ ಮೇ 1ರಂದು ಜಾರಿಗೆ ಬಂದ ಮೇಲೆ ಅಲ್ಲಿ ನಮ್ಮ ಸಿದ್ಧ ಉಡುಪುಗಳ ಮೇಲಿದ್ದ ಶೇ. 5ರ ಸುಂಕ ಇಲ್ಲವಾಗಿದೆ. ಆಸ್ಟ್ರೇಲಿಯಾದಲ್ಲೂ 2022ರ ಡಿಸೆಂಬರ್ 29ರಿಂದ ಅಂಥದೇ ರಿಯಾಯಿತಿ ಇದೆ. ಆದರೆ ಸರಕು ಭಾರತದಲ್ಲೇ ತಯಾರಾದದ್ದೆಂದು ಹೇಳುವ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಒರಿಜಿನ್) ಅದರ ಜೊತೆ ಹೋಗದಿದ್ದರೆ ಈ ಲಾಭ ಖರೀದಿದಾರನಿಗೆ ಸಿಗುವುದಿಲ್ಲ.

ನಿಮ್ಮ ನಿಜವಾದ ತೊಡಕು ಇರುವುದು ವಾಷಿಂಗ್‌ನಲ್ಲಿ. ದೊಡ್ಡ ಬ್ರ್ಯಾಂಡ್‌ಗಳು ಹೊಲಿಗೆಯ ಜಾಗವನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಬಟ್ಟೆಯನ್ನು ಎಲ್ಲಿ ತೊಳೆಯಲಾಯಿತು, ಯಾವ ರಾಸಾಯನಿಕ ಬಳಸಲಾಯಿತು, ಕೊಳಚೆ ನೀರನ್ನು ಶುದ್ಧೀಕರಿಸಲು ಏನು ವ್ಯವಸ್ಥೆಯಿದೆ ಎಂದು ಕೇಳುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದ ವಾಷಿಂಗ್ ಘಟಕಕ್ಕೆ ಮಾಲು ಕೊಡುತ್ತಿದ್ದರೆ ಆರ್ಡರ್ ಅಲ್ಲಿಗೇ ನಿಲ್ಲುತ್ತದೆ. ಇನ್ನು ರಿವೆಟ್ (ಜೇಬಿನ ಮೂಲೆಗಳಿಗೆ ಬಡಿಯುವ ಲೋಹದ ಮೊಳೆ) ಮತ್ತು ಲೋಹದ ಗುಂಡಿಗಳು: ಚರ್ಮಕ್ಕೆ ತಾಗುವ ಲೋಹದಿಂದ ಎಷ್ಟು ನಿಕಲ್ ಹೊರಬರಬಹುದು ಎಂಬುದಕ್ಕೂ ಯೂರೋಪಿನಲ್ಲಿ ಮಿತಿ ಇದೆ. ಅಗ್ಗದ ರಿವೆಟ್ ತಂದು ಇಡೀ ಕಂಟೇನರ್ ಕಳೆದುಕೊಳ್ಳಬೇಡಿ.

ಪ್ರಶ್ನೆ: ಕಾಗದಪತ್ರಗಳು ಏನೇನು ಬೇಕು ಸರ್? ಹಣ ಬಾರದಿದ್ದರೆ ಏನು ಗತಿ?

ಉತ್ತರ: ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಕೋಡ್, ಉಡುಪು ರಫ್ತು ಉತ್ತೇಜನ ಮಂಡಳಿಯ ಸದಸ್ಯತ್ವ, ಮತ್ತು ಜಿಎಸ್‌ಟಿ ಕಟ್ಟದೆಯೇ ಕಳಿಸಲು ಎಲ್‌ಯುಟಿ (ತೆರಿಗೆ ಇಲಾಖೆಗೆ ಕೊಡುವ ಮುಚ್ಚಳಿಕೆ ಪತ್ರ), ಇವು ಆರಂಭಕ್ಕೆ ಬೇಕಾದ ಮುಖ್ಯ ಕಾಗದಪತ್ರಗಳು. ಹಣದ ವಿಷಯದಲ್ಲಿ ಮಾತ್ರ ಸಂಕೋಚ ಬೇಡ: ಹೊಸ ಖರೀದಿದಾರನಿಂದ ಮುಂಗಡ ಕೇಳಿ, ಇಲ್ಲವೇ ಎಲ್‌ಸಿ (ಹಣ ಪಾವತಿಗೆ ಖರೀದಿದಾರನ ಬ್ಯಾಂಕ್ ಕೊಡುವ ಖಾತರಿ ಪತ್ರ) ತೆರೆಸಿ. ಸಾಲಕ್ಕೆ ಕೊಡಲೇಬೇಕಾದರೆ ಖರೀದಿದಾರ ಹಣ ಕೊಡದಿದ್ದಾಗ ನೆರವಿಗೆ ಬರುವ ಇಸಿಜಿಸಿ (ಸರ್ಕಾರಿ ರಫ್ತು ಸಾಲ ಖಾತರಿ ನಿಗಮ) ವಿಮೆ ಮಾಡಿಸದೆ ಮಾಲು ಕಳಿಸಬೇಡಿ. ಮೊದಲ ವರ್ಷ ಬೆಂಗಳೂರಿನ ರಫ್ತುದಾರರಿಗೆ ಜಾಬ್‌ವರ್ಕ್ (ಅವರು ಕೊಟ್ಟ ಬಟ್ಟೆಯನ್ನು ಕೂಲಿಗೆ ಹೊಲಿದುಕೊಡುವ ಕೆಲಸ) ಮಾಡಿಕೊಟ್ಟರೆ, ಅವರ ತಪಾಸಣೆ ಹೇಗಿರುತ್ತದೆಂಬುದನ್ನು ಸ್ವಂತ ಬಂಡವಾಳ ಹಾಕದೆಯೇ ತಿಳಿಯಬಹುದು.