ಪಾರಿವಾಳದ ಪ್ಯಾಕೆಟ್ಟು
ಬದಿಯಡ್ಕದ ಹೋಟೆಲಿನ ಬೆಂಚಿನಲ್ಲಿ ಕುಳಿತ ನಮ್ಮ ಮುಂದೆ ಅಡಿಕೆ ವ್ಯಾಪಾರಿ ಮಿತ್ರರು ಒಂದು ದೂರನ್ನಿಟ್ಟರು: “ಗಲ್ಫಿನಲ್ಲಿರುವ ಮಗ ವೀಡಿಯೊ ಕರೆ ಮಾಡಿದರೆ ಅವನ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ಅವನೇ ಕಳುಹಿಸಿದ ಫೋಟೊ ಮಾತ್ರ ಒಂದು ಚುಕ್ಕೆಯೂ ಕೆಡದೆ ಬರುತ್ತದೆ. ದಾರಿ ಒಂದೇ ಅಲ್ಲವೇ?”

“ದಾರಿ ಒಂದೇ, ಕರಾರು ಬೇರೆ,” ಎಂದರು ಕಂಪ್ಯೂಟರ್ ಮೇಷ್ಟ್ರು. “ಐಪಿ ಎಂಬ ಪ್ರೋಟೊಕಾಲ್, ಅಂದರೆ ಅಂತರ್ಜಾಲದ ಸಾಗಾಟದ ಕರಾರು, ಪ್ಯಾಕೆಟ್ ಎಂಬ ಮಾಹಿತಿಯ ತುಂಡುಗಳಿಗೆ ವಿಳಾಸ ಹಚ್ಚಿ ಸಾಗಿಸುತ್ತದೆಯೇ ಹೊರತು ಅವು ತಲುಪುತ್ತವೆಂಬ ಭರವಸೆಯನ್ನು ಕೊಡುವುದೇ ಇಲ್ಲ.”

“ಭರವಸೆ ಕೊಡದೆ ಕೆಲಸ ಮಾಡುವುದೇ? ಚುನಾವಣೆಗೆ ನಿಂತವರು ಕಲಿಯಬೇಕಾದ ವಿದ್ಯೆ!” ಎಂದರು ಭಟ್ಟರು.

ಫೋಟೊದಂಥವಕ್ಕೆ ಆ ಭರವಸೆಯ ಹೊಣೆ ಹೊರುವುದು ಟಿಸಿಪಿ ಎಂಬ ಇನ್ನೊಂದು ಪ್ರೋಟೊಕಾಲ್. ಅದು ಬೈಟುಗಳಿಗೆ ಕ್ರಮಸಂಖ್ಯೆ ಕೊಟ್ಟು, ಆ ಬದಿಯಿಂದ ‘ಸಿಕ್ಕಿತು’ ಎಂಬ ರಶೀದಿ ಬಾರದಿದ್ದರೆ ಕಳೆದುದನ್ನು ಮತ್ತೆ ಕಳುಹಿಸುತ್ತದೆ. ಮಾತಿಗೆ ಮೊದಲು ಮೂರು ಹೆಜ್ಜೆಯ ಹಸ್ತಲಾಘವವೂ ಉಂಟು: “ಕೇಳುತ್ತದೆಯೇ?” “ಕೇಳುತ್ತದೆ, ನಿಮಗೆ?” “ನನಗೂ ಕೇಳುತ್ತದೆ.”

“ನನ್ನ ಬೀಗರ ಫೋನು ಅಲ್ಲಿಗೇ ಮುಗಿಯುತ್ತದೆ,” ಎಂದರು ಭಟ್ಟರು, “ಆಮೇಲೆ ವಿಷಯವೇ ಇರುವುದಿಲ್ಲ.”

ವೀಡಿಯೊ ಕರೆಗೆ ಹೆಚ್ಚಾಗಿ ಬಳಸುವ ಯುಡಿಪಿ ಎಂಬ ಪ್ರೋಟೊಕಾಲಿಗೆ ಈ ಉಪಚಾರಗಳಿಲ್ಲ, ಹೋದದ್ದು ಹೋಯಿತು. ಕಳೆದುಹೋದ ನಗುವನ್ನು ಹಟ ಹಿಡಿದು ಮತ್ತೆ ತರಿಸಿದರೆ, ಮಗನು ಸಾವಿನ ಸುದ್ದಿ ಹೇಳುವ ಹೊತ್ತಿಗೆ ಅದು ಪರದೆಯ ಮೇಲೆ ಅರಳೀತು ಎಂದು ಮೇಷ್ಟ್ರು ವಿವರಿಸಿದಾಗ ವ್ಯಾಪಾರಿಗಳು ಚೌಕದ ಮುಖವೇ ಲೇಸೆಂದು ಒಪ್ಪಿದರು.

ಐಪಿಗೆ ವಾಹನ ಯಾವುದಾದರೂ ಆದೀತೆಂಬುದಕ್ಕೆ ಪುರಾವೆಯೂ ಇದೆ. 1990ರ ಏಪ್ರಿಲ್ 1ರಂದು ಆರ್‌ಎಫ್‌ಸಿ 1149 ಎಂಬ, ಅಂತರ್ಜಾಲದ ನಿಯಮಗಳನ್ನು ಬರೆದಿಡುವ ಸರಣಿಯ ತಮಾಷೆಯ ದಾಖಲೆ ಪಾರಿವಾಳದ ಕಾಲಿಗೆ ಪ್ಯಾಕೆಟ್ ಕಟ್ಟುವ ವಿಧಿಯನ್ನು ಗಂಭೀರವಾಗಿ ವರ್ಣಿಸಿತು. 2001ರಲ್ಲಿ ನಾರ್ವೆಯ ಬರ್ಗನ್ನಿನ ಲಿನಕ್ಸ್ ತಂತ್ರಾಂಶದ ಬಳಕೆದಾರರ ಬಳಗದವರು ಅದನ್ನು ನಿಜವಾಗಿಯೂ ಮಾಡಿ ನೋಡಿದರು. ಪಿಂಗ್ ಎಂಬ, ‘ಇದ್ದೀರಾ?’ ಎಂದು ಕೇಳುವ ಪ್ಯಾಕೆಟ್ 9 ಕಳುಹಿಸಿದ್ದಕ್ಕೆ ಮರಳಿ ಬಂದ ಉತ್ತರ 4. ಎಲ್ಲಕ್ಕಿಂತ ಬೇಗ ಬಂದದ್ದಕ್ಕೂ 50 ನಿಮಿಷ ಮೀರಿತ್ತು.

“ಉಳಿದ ಐದು?” ಎಂದು ಭಟ್ಟರು ಕಳವಳಪಟ್ಟರು. ಪಿಂಗ್ ಕಳೆದುದನ್ನು ಹುಡುಕಿಕೊಂಡು ಹೋಗುವುದಿಲ್ಲವೆಂದು ತಿಳಿದು ಅವರಿಗೆ ಬೇಸರವೇ ಆಯಿತು.

ಕೊನೆಗೆ ಮೇಷ್ಟ್ರು, ಪ್ಯಾಕೆಟ್ ಕಳೆಯಲು ತುಂಬಿ ತುಳುಕುವ ರೌಟರೂ ಕಾರಣವಾಗಬಹುದು, ಮನೆಯೊಳಗಿನ ದುರ್ಬಲ ವೈಫೈಯೂ ಆಗಬಹುದು ಎಂದು ಹೇಳಿ, ಮೋಡೆಮ್ ಎಲ್ಲಿದೆಯೆಂದು ವಿಚಾರಿಸಿದರು.

“ಅಟ್ಟದಲ್ಲಿ, ಅಡಿಕೆ ಮೂಟೆಗಳ ಹಿಂದೆ.”

“ಮೂಟೆಗಳನ್ನು ಸರಿಸಿ.”

“ಧಾರಣೆ ಏರುವ ಮೊದಲೇ?” ಎಂದು ವ್ಯಾಪಾರಿಗಳು ಗಾಬರಿಯಿಂದ ಎದ್ದೇಬಿಟ್ಟರು.